ಘಾಟಿ ಹತ್ತದ ಹಳೆಯ ಕಾರು: ಪಿಕಪ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬಗೆ

ಮಂಗಳೂರಿನಿಂದ ಮಡಿಕೇರಿಗೆ ಹತ್ತುವ ದಾರಿಯಲ್ಲಿ ಸಂಪಾಜೆ ದಾಟಿ ತಿರುವುಗಳು ಶುರುವಾದ ಮೇಲೆ, ಹೋದ ವರ್ಷ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಾರು ಈ ವರ್ಷ ಎರಡಕ್ಕೆ ಇಳಿದಿದೆ, ಕೆಲವು ಕಡೆ ಒಂದನ್ನೂ ಕೇಳುತ್ತಿದೆ. ಗ್ಯಾರೇಜಿಗೆ ಹೋಗಿ "ಗಾಡಿ ಎಳೀತಿಲ್ಲ ಅಣ್ಣ" ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡರಲ್ಲಿ ಒಂದು: ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ತೊಳೆಯೋಣ, ಇಲ್ಲವೇ ಬೋರ್ ಹೋಗಿದೆ, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ. ಎರಡೂ ಕೊನೆಗೆ ಕೈ ಹಾಕಬೇಕಾದ ಕೆಲಸಗಳು. ಅದಕ್ಕೂ ಮೊದಲು ಮನೆಯ ಶೆಡ್ಡಿನಲ್ಲೇ, ಹೆಚ್ಚು ಖರ್ಚಿಲ್ಲದೆ ನೋಡಿ ಮುಗಿಸಬಹುದಾದ ಸಂಗತಿಗಳು ಹಲವಿವೆ. ಮಾರುತಿ 800, ಓಮ್ನಿ, ಜಿಪ್ಸಿ, ಝೆನ್, ಎಸ್ಟೀಮ್‌ನಂಥ ಪೆಟ್ರೋಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಡೀಸೆಲ್ ಜೀಪಿನವರಿಗೆ ನಡುವೆ ನಾಲ್ಕು ಮಾತಿದೆ.

ಒಂದು ಪ್ರಶ್ನೆ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಿ. ಶಕ್ತಿ ನಿಧಾನವಾಗಿ, ತಿಂಗಳುಗಟ್ಟಲೆ ಇಳಿಯಿತೋ ಅಥವಾ ಒಂದು ದಿನ ಇದ್ದಕ್ಕಿದ್ದಂತೆ ಹೋಯಿತೋ? ಇದ್ದಕ್ಕಿದ್ದಂತೆ ಆಗಿದ್ದರೆ, ಅದಕ್ಕೆ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದಿರಿ ಎಂದು ನೆನಪಿಸಿಕೊಳ್ಳಿ. ಟೈಮಿಂಗ್ ಬೆಲ್ಟ್ (ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಹಲ್ಲಿನ ಬೆಲ್ಟು) ಹಾಕಿಸಿ ತಂದ ದಿನದಿಂದ ಗಾಡಿ ಮಂಕಾಗಿದ್ದರೆ ಇನ್ನೆಲ್ಲೂ ಹುಡುಕಬೇಕಿಲ್ಲ, ಬೆಲ್ಟು ಒಂದು ಹಲ್ಲು ಆಚೀಚೆ ಕೂತಿರುತ್ತದೆ.

ಮೊದಲು ಬೆಟ್ಟದ ಪಾಲನ್ನು ಕಳೆಯಿರಿ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 13ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ತಾನಾಗಿ ಎಳೆದುಕೊಂಡಷ್ಟೇ ಗಾಳಿಯಲ್ಲಿ ಬದುಕಬೇಕು, ಹಾಗಾಗಿ ಶಕ್ತಿಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಮಾರುತಿ 800ರ ಎಂಜಿನ್ ಹೊಸದರಲ್ಲೇ ಕೊಡುತ್ತಿದ್ದುದು 37 ಬಿಎಚ್‌ಪಿಯ ಹತ್ತಿರ. ಮಡಿಕೇರಿ ತಲುಪುವಷ್ಟರಲ್ಲಿ ಅದು 32ರ ಆಸುಪಾಸಿಗೆ ಬಂದಿರುತ್ತದೆ. ಒಳಗೆ ಐದು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಮೇಲೆ ಏಸಿ ಬೇರೆ. ಇದು ರೋಗವಲ್ಲ.

ಕಾರ್ಬುರೇಟರ್ ಗಾಡಿಗೆ ಇನ್ನೊಂದು ತೊಂದರೆಯಿದೆ. ಗಾಳಿ ತೆಳುವಾದರೂ ಅದರ ಸಣ್ಣ ತೂತಾದ ಜೆಟ್ಟಿನಿಂದ ಬರುವ ಪೆಟ್ರೋಲು ಆ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಅಂದರೆ ಕೆಳಗೆ ಪುತ್ತೂರಿನಲ್ಲೋ ಸುಳ್ಯದಲ್ಲೋ ಸರಿಯಾಗಿ ಟ್ಯೂನ್ ಮಾಡಿಸಿದ ಗಾಡಿ ಮೇಲೆ ಬಂದಾಗ ಪೆಟ್ರೋಲು ಹೆಚ್ಚು ಕುಡಿದು ಮಂಕಾಗುತ್ತದೆ. ಹಾಗಾಗಿ ಟ್ಯೂನಿಂಗ್ ಮಾಡಿಸುವುದಿದ್ದರೆ ಗಾಡಿ ಹೆಚ್ಚು ಓಡುವ ಊರಿನ ಎತ್ತರದಲ್ಲೇ ಮಾಡಿಸುವುದು ಒಳ್ಳೆಯದು. ಎಂಪಿಎಫ್‌ಐ ಗಾಡಿಗಳಲ್ಲಿ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವವು) ಸೆನ್ಸರು ಗಾಳಿಯ ಒತ್ತಡ ನೋಡಿ ಪೆಟ್ರೋಲನ್ನು ತಾನೇ ಇಳಿಸಿಕೊಳ್ಳುತ್ತದೆ.

ಆದ್ದರಿಂದ ಹೋಲಿಕೆ ಮಾಡುವಾಗ ಬಯಲುಸೀಮೆಯ ಓಟದೊಂದಿಗೆ ಮಾಡಬೇಡಿ. ನಿಮ್ಮ ಮನೆ ಹತ್ತಿರದ ಒಂದು ಏರನ್ನು ಗೊತ್ತುಮಾಡಿಕೊಳ್ಳಿ. ಅದೇ ಗೇರು, ಅದೇ ಜನ, ಏಸಿ ಬಂದ್, ತಿರುವಿನ ಬಳಿ ಒಂದು ಮರದ ಹತ್ತಿರ ಸ್ಪೀಡೋಮೀಟರ್ ಎಷ್ಟು ತೋರಿಸುತ್ತದೆ ಎಂದು ಬರೆದಿಡಿ. ರಿಪೇರಿ ಆದ ಮೇಲೆ ಫರಕ್ಕು ಆಯಿತೇ ಇಲ್ಲವೇ ಎಂದು ಹೇಳುವ ತಕ್ಕಡಿ ಇದೊಂದೇ.

ಎಂಜಿನ್ ಮಾಡಿದ್ದು ಚಕ್ರಕ್ಕೆ ಮುಟ್ಟುತ್ತಿದೆಯೇ?

ಕೊಡಗಿನ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುವುದು ಮಾಮೂಲಿ. ಮೊದಲ ಸಲ ಎಳೆದಾಗ ಟಪ್ ಎಂದು ಬಿಟ್ಟುಕೊಂಡರೂ, ತುಕ್ಕು ಹಿಡಿದ ಕೇಬಲ್ಲು ಪೂರ್ತಿ ಹಿಂದೆ ಹೋಗದೆ ಚಕ್ರ ಅರ್ಧ ಬ್ರೇಕಿನಲ್ಲೇ ತಿರುಗುತ್ತಿರುತ್ತದೆ. ಎಂಜಿನ್ನಿಗೆ ಬೈಯುತ್ತಾ ತಿರುಗುವವರು ನೋಡದೇ ಬಿಡುವುದು ಇದನ್ನೇ.

ಪರೀಕ್ಷೆ ಸುಲಭ. ಸಮತಟ್ಟು ರಸ್ತೆಯಲ್ಲಿ ಅಥವಾ ಏರಿನಲ್ಲಿ, ಬ್ರೇಕು ಹೆಚ್ಚು ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಇಳಿಜಾರು ಇಳಿದು ಬಂದು ನೋಡಿದರೆ ನಾಲ್ಕೂ ಬಿಸಿಯಿರುತ್ತವೆ, ಏನೂ ತಿಳಿಯುವುದಿಲ್ಲ. ಅಂಗೈ ಹಿಂಬದಿಯನ್ನು ಪ್ರತಿ ಚಕ್ರದ ಮಧ್ಯಕ್ಕೆ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಸುಡುತ್ತಿದ್ದರೆ ಕಳ್ಳ ಸಿಕ್ಕಿದ. ಆ ಚಕ್ರಕ್ಕೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್ಲಿನಲ್ಲಿ ಕೈಯಲ್ಲೇ ತಿರುಗಿಸಿ ನೋಡಿ. ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ಇರುತ್ತದೆ ಎಂದಾದರೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಮೇಲು.

ಕ್ಲಚ್ಚು ಜಾರುತ್ತಿದ್ದರೆ ಲಕ್ಷಣ ಬೇರೆ: ಏರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರುತ್ತದೆ, ಸ್ಪೀಡು ಏರುವುದಿಲ್ಲ, ಆಮೇಲೆ ಸುಟ್ಟ ವಾಸನೆ. ಸಂಶಯವಿದ್ದರೆ ಸಮತಟ್ಟು ಜಾಗದಲ್ಲಿ ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರು ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಬಂದ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಮುಗಿದಿದೆ, ಅಥವಾ ಪೆಡಲಿನ ಫ್ರೀ ಪ್ಲೇ (ಮೊದಲ ಸಡಿಲ ಆಟ) ಇಲ್ಲದೆ ಕ್ಲಚ್ಚು ಅರ್ಧ ಒತ್ತಿಕೊಂಡೇ ಇದೆ. ಒಂದೇ ಸಲ ಮಾಡಿ, ಪದೇಪದೇ ಮಾಡಿದರೆ ಚೆನ್ನಾಗಿರುವ ಪ್ಲೇಟೂ ಹಾಳು.

ಟಯರಿನ ಗಾಳಿ ನೋಡಿ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಪೆಡಲು. ಎಂಜಿನ್ ಬಂದ್ ಇರುವಾಗ ಒಬ್ಬರು ಆಕ್ಸಿಲೇಟರ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಥ್ರಾಟಲ್ ಪೂರ್ತಿ ತೆರೆಯಿತೇ ನೋಡಲಿ. ಕೇಬಲ್ಲು ಸಡಿಲಾಗಿಯೋ, ಮಳೆಗಾಲಕ್ಕೆಂದು ಹಾಸಿದ ದಪ್ಪ ಮ್ಯಾಟು ಪೆಡಲಿಗೆ ಅಡ್ಡವಾಗಿಯೋ ಮುಕ್ಕಾಲು ಮಾತ್ರ ತೆರೆಯುವ ಗಾಡಿಗಳಿರುತ್ತವೆ. ಎರಡು ನಿಮಿಷದ ಕೆಲಸ.

ಏರ್ ಫಿಲ್ಟರ್ ಡಬ್ಬಿಯೊಳಗೆ ಯಾರ ಸಂಸಾರ?

ತೋಟದ ಮನೆಯಲ್ಲಿ ಗಾಡಿ ನಿಲ್ಲಿಸುವವರು ಏರ್ ಫಿಲ್ಟರ್ ಡಬ್ಬಿಯನ್ನು ತಾವೇ ತೆರೆಯಲು ಕಲಿಯಬೇಕು. ನಾಲ್ಕು ಕ್ಲಿಪ್ಪು, ಕೆಲವು ಗಾಡಿಗಳಲ್ಲಿ ಒಂದು ರೆಕ್ಕೆ ನಟ್ಟು, ಅಷ್ಟೇ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕು, ಬಾನೆಟ್ಟಿನ ಕೆಳಗೆ ಅದು ಸಿಗುತ್ತದೆ. ಮುಚ್ಚಳ ಎತ್ತಿದರೆ ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು, ಸೀಟಿನಿಂದ ಕಿತ್ತ ಸ್ಪಂಜು, ಅರ್ಧ ತಿಂದ ಹಲಸಿನ ಬೀಜ ಇವೆಲ್ಲ ಸೇರಿ ಮೆತ್ತಗಿನ ಹಾಸಿಗೆ ಆಗಿರುತ್ತದೆ. ಫಿಲ್ಟರಿನ ಪೇಪರಿನ ಮೇಲೆ ಹಳದಿ ಕಲೆ ಇದ್ದರೆ ಅದು ಇಲಿ ಮೂತ್ರ. ತೇವಗೊಂಡು ಒಣಗಿದ ಪೇಪರಿನಲ್ಲಿ ಗಾಳಿ ಸರಾಗವಾಗಿ ಹೋಗುವುದಿಲ್ಲ, ಊದಿ ಕ್ಲೀನ್ ಮಾಡಿ ಮತ್ತೆ ಹಾಕುವುದು ವ್ಯರ್ಥ. ಹೊಸದನ್ನೇ ಹಾಕಿ. ಡಬ್ಬಿಗೆ ಗಾಳಿ ತರುವ ಸೊಂಡಿಲಿನಂಥ ಪೈಪನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಗೂಡು ಅಲ್ಲಿಂದಲೇ ಶುರುವಾಗಿರುತ್ತದೆ. ಕೈಗೆ ಗ್ಲೋಸು, ಬಾಯಿಗೆ ಬಟ್ಟೆ ಇರಲಿ. ಇಲಿ ಇದ್ದ ಕಡೆ ವೈರುಗಳನ್ನೂ ತಡವಿ ನೋಡಿ.

ಬೇಸಿಗೆಯಲ್ಲಿ ಮಣ್ಣಿನ ರಸ್ತೆಯಲ್ಲಿ ಓಡಿದ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರಿನ ಲೆಕ್ಕ ಹಿಡಿಯುವುದಿಲ್ಲ. ಫಿಲ್ಟರಿನ ಒಳಗಿನಿಂದ ಟಾರ್ಚ್ ಹಿಡಿದು, ಹೊರಗೆ ಬೆಳಕು ಕಾಣದಿದ್ದರೆ ಬದಲಾಯಿಸಿ.

ಪೆಟ್ರೋಲು

ಪೆಟ್ರೋಲು ಸಾಲದೆ ಹೋಗುವ ಗಾಡಿಗೆ ಗುರುತಿದೆ. ಸಮತಟ್ಟಿನಲ್ಲಿ ಚೆನ್ನಾಗಿ ಹೋಗುತ್ತದೆ. ದೀರ್ಘ ಏರಿನಲ್ಲಿ ಐದಾರು ನಿಮಿಷ ಒತ್ತಿ ಹಿಡಿದಾಗ ಜರ್ಕ್ ಹೊಡೆಯುತ್ತಾ ಸಾಯುತ್ತದೆ. ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮಾಕುಟ್ಟ ಘಾಟಿಯನ್ನು ಕೇರಳದ ಕಡೆಯಿಂದ ಹತ್ತುವಾಗ ಹೀಗೆ ನಿಂತು ನಿಂತು ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಪೆಟ್ರೋಲ್ ಫಿಲ್ಟರ್. ಅದಕ್ಕೂ ಸುಲಭವಾದದ್ದು ಟ್ಯಾಂಕಿನ ಮುಚ್ಚಳ: ಗಾಡಿ ಸುಸ್ತಾದ ಕೂಡಲೇ ನಿಲ್ಲಿಸಿ ಮುಚ್ಚಳ ತಿರುಗಿಸಿ. ಗಾಳಿ ಒಳಗೆಳೆದ ಸದ್ದು ಜೋರಾಗಿ ಬಂದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದರ್ಥ. ಮಣ್ಣುಗೂಡು ಕಟ್ಟುವ ಕಣಜದ ಹುಳ ಇಂಥ ತೂತುಗಳನ್ನು ಹುಡುಕಿಕೊಂಡೇ ಬರುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ಅದರ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ಕೊಡುವ ಶಕ್ತಿ ಅಷ್ಟೇ ಪೆಟ್ರೋಲು ಕೊಡುವುದರ ಮೂರರಲ್ಲಿ ಎರಡು ಪಾಲು. ತಮಾಷೆಯೆಂದರೆ, ಎತ್ತರದಲ್ಲಿ ಕಾರ್ಬುರೇಟರ್ ಪೆಟ್ರೋಲು ಜಾಸ್ತಿ ಕೊಡುತ್ತದೆ, ಎಥನಾಲಿಗೆ ಸುಡಲು ಗಾಳಿ ಕಡಿಮೆ ಸಾಕಾದ್ದರಿಂದ ಗಾಳಿಯ ಪಾಲು ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ. ಮಡಿಕೇರಿಯಲ್ಲಿ ಒಂದರ ದೋಷ ಇನ್ನೊಂದಕ್ಕೆ ಸ್ವಲ್ಪ ಸರಿಹೋಗುತ್ತದೆ. ನಿಜವಾದ ತೊಂದರೆ ಬೇರೆ ಎರಡು. ಹಳೆಯ ಗಾಡಿಗಳ ರಬ್ಬರ್ ಪೈಪು, ಡಯಾಫ್ರಾಮು (ತೆಳು ರಬ್ಬರ್ ಪರದೆ), ವಾಷರುಗಳು ಎಥನಾಲಿಗೆಂದು ಮಾಡಿದವಲ್ಲ. ಪೈಪು ಒಳಗೊಳಗೇ ಮೆತ್ತಗಾಗಿ ಕಪ್ಪು ಚೂರು ಉದುರಿಸಿ ಫಿಲ್ಟರನ್ನು ಕಟ್ಟುತ್ತದೆ, ಬಿರುಕಿನಲ್ಲಿ ಗಾಳಿ ಎಳೆಯುತ್ತದೆ. ಎರಡನೆಯದು ನೀರು. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು ಎಥನಾಲನ್ನೂ ಕಟ್ಟಿಕೊಂಡು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಅರ್ಧ ಟ್ಯಾಂಕು ಪೆಟ್ರೋಲಿನೊಂದಿಗೆ ನಿಂತ ಗಾಡಿಗೆ ಹೀಗಾಗಿದೆಯೇ ಎಂದು ನೋಡಲೇಬೇಕು.

ನೋಡುವುದು ಹೀಗೆ. ಕಿಡಿಗೆ ಕರೆಂಟು ಕೊಡುವ ಕಾಯಿಲಿನ ವೈರು ಕಳಚಿ ಕಿಡಿ ಬಾರದಂತೆ ಮಾಡಿ. ಕಾರ್ಬುರೇಟರಿಗೆ ಹೋಗುವ ಪೈಪನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ, ಇನ್ನೊಬ್ಬರಿಂದ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ. ಪೆಟ್ರೋಲು ಬಿಟ್ಟು ಬಿಟ್ಟು ಬಲವಾಗಿ ಚಿಮ್ಮಬೇಕು. ಸೋರಿದಂತೆ ಬಂದರೆ ಪಂಪು, ಫಿಲ್ಟರು, ಪೈಪು ಈ ಮೂರರಲ್ಲಿ ಒಂದು. ಬಾಟಲಿಯನ್ನು ಮುಚ್ಚಿ ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ಟ್ಯಾಂಕು ಇಳಿಸಿ ಖಾಲಿ ಮಾಡುವುದೊಂದೇ ದಾರಿ. ಬಿಸಿ ಎಂಜಿನ್ ಮೇಲೆ, ಬೀಡಿ ಹಚ್ಚಿದವರ ಹತ್ತಿರ, ಒಲೆಯಿರುವ ಕೊಟ್ಟಿಗೆಯಲ್ಲಿ ಇದನ್ನು ಮಾಡಲೇಬೇಡಿ. ಎಂಪಿಎಫ್‌ಐ ಗಾಡಿಯ ಪೈಪನ್ನು ಹೀಗೆ ಕಳಚಬಾರದು. ಅದರಲ್ಲಿ ಒತ್ತಡ ಇರುತ್ತದೆ, ಗೇಜ್ ಇರುವ ಗ್ಯಾರೇಜಿನವರೇ ನೋಡಲಿ.

ಏರಿನಲ್ಲಿ ಕಪ್ಪು ಹೊಗೆ ಬರುತ್ತಿದ್ದರೆ ಪೆಟ್ರೋಲು ಸಾಲದೆ ಅಲ್ಲ, ಹೆಚ್ಚಾಗಿ. ಕಾರ್ಬುರೇಟರಿನ ಮೇಲ್ಭಾಗದ ಚೋಕ್ ಪ್ಲೇಟು ಎಂಜಿನ್ ಬಿಸಿಯಾದ ಮೇಲೆ ನೆಟ್ಟಗೆ ನಿಂತಿದೆಯೇ ನೋಡಿ. ಚಳಿಗೆ ಎಳೆದ ಚೋಕು ಅರ್ಧದಲ್ಲೇ ಸಿಕ್ಕಿಕೊಂಡಿರುವುದು ಮಡಿಕೇರಿಯ ಗಾಡಿಗಳಲ್ಲಿ ಸಾಮಾನ್ಯ.

ಚಳಿಯ ಮಾತು ಬಂದದ್ದರಿಂದ ಒಂದು ಸಿಟ್ಟು ಕಾರಿಕೊಳ್ಳುತ್ತೇನೆ. ಎಂಜಿನ್ ಬಿಸಿಯಾಗುತ್ತದೆ ಎಂದು ಹೋದರೆ, ಎಂಜಿನ್ ಹದಕ್ಕೆ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನೇ ಕಿತ್ತೆಸೆದು "ಇನ್ನು ಕೂಲಾಗಿರುತ್ತೆ" ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಡಿಸೆಂಬರಿನ ಬೆಳಿಗ್ಗೆ ಮಡಿಕೇರಿಯಿಂದ ಇಳಿಯುವ ಅಂಥ ಗಾಡಿ ಕುಶಾಲನಗರ ಮುಟ್ಟಿದರೂ ಬಿಸಿಯಾಗಿರುವುದಿಲ್ಲ. ಎಂಪಿಎಫ್‌ಐ ಗಾಡಿಯಾದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಮಲಗಿದ್ದರೆ ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿ.

ಕಿಡಿ

ಮಳೆ, ಮಂಜು ಇದ್ದಾಗ ಮಾತ್ರ ಎಳೆಯದ ಗಾಡಿಯಾದರೆ ನೇರ ಇಲ್ಲಿಗೇ ಬನ್ನಿ. ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಗಾಡಿಗಳಲ್ಲಿ ಬೆಳಿಗ್ಗೆ ಅದರ ಕ್ಯಾಪ್ ಬಿಚ್ಚಿದರೆ ಒಳಗೆ ಸಣ್ಣ ಹನಿಗಳು ಕೂತಿರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ. ಒಳಗೋಡೆಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಕಿಡಿ ಆ ದಾರಿಯಲ್ಲಿ ಓಡಿಹೋಗುತ್ತಿದೆ, ಕ್ಯಾಪು ಹೊಸದೇ ಬೇಕು. ಪ್ಲಗ್ ವೈರುಗಳಿಗೆ ಕತ್ತಲೆಯ ಪರೀಕ್ಷೆ: ರಾತ್ರಿ, ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ಇಸ್ತ್ರಿಗೆ ಬಳಸುವ ಸ್ಪ್ರೇಯಿಂದ ನವಿರಾಗಿ ನೀರು ಚಿಮುಕಿಸಿ. ನೀಲಿ ಕಿಡಿ ಹಾರಿದ ವೈರು ಹೋಗಿದೆ. ಕೈ ದೂರವಿರಲಿ, ಹೊಡೆತ ಸಣ್ಣದಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಿಷಗಾಳಿಗೆ ಜೀವ ಹೋಗುತ್ತದೆ, ಮರೆಯಬೇಡಿ.

ಪ್ಲಗ್ಗುಗಳನ್ನು ಓದುವುದಕ್ಕೂ ಹೊತ್ತು ಇದೆ. ಸ್ಲೋ ಸ್ಪೀಡಿನಲ್ಲಿ ಹತ್ತು ನಿಮಿಷ ನಿಂತ ಗಾಡಿಯ ಪ್ಲಗ್ಗು ಹೇಗಿದ್ದರೂ ಕಪ್ಪಾಗಿರುತ್ತದೆ. ಏರು ಹತ್ತಿಸಿ, ಮೇಲೆ ಮುಟ್ಟಿದ ಕೂಡಲೇ ಬಂದ್ ಮಾಡಿ, ಎಂಜಿನ್ ತಣಿದ ಮೇಲೆ ಬಿಚ್ಚಿ. ತಿಳಿ ಕಂದು ಬಣ್ಣ ಸರಿ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಎಣ್ಣೆಯಂಥ ಕಪ್ಪಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ. ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ಮೂರರಲ್ಲಿ ಒಂದು ಮಾತ್ರ ಬೇರೆ ಬಣ್ಣವಿದ್ದರೆ ಹುಡುಕಾಟ ಆ ಒಂದು ಸಿಲಿಂಡರಿಗೆ ಇಳಿಯಿತು. ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೆ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹೋದಂತೆ. ಹಾಗಿದ್ದೂ "ಸ್ವಲ್ಪ ಶೇಕ್ ಆಗುತ್ತೆ ಅಷ್ಟೇ" ಎಂದು ಓಡಿಸುವವರಿದ್ದಾರೆ.

ಡಿಸ್ಟ್ರಿಬ್ಯೂಟರಿನ ಪಕ್ಕದ ವ್ಯಾಕ್ಯೂಮ್ ಡಬ್ಬಿಯ ಸಣ್ಣ ಪೈಪನ್ನು ಕಾರ್ಬುರೇಟರಿನ ಕಡೆಯಿಂದ ಕಳಚಿ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ನಿಲ್ಲಬೇಕು. ಗಾಳಿ ಸರಾಗವಾಗಿ ಬರುತ್ತಲೇ ಇದ್ದರೆ ಒಳಗಿನ ಡಯಾಫ್ರಾಮು ಹರಿದಿದೆ. ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬ ಟೈಮಿಂಗನ್ನು ಕಿವಿಯ ಅಂದಾಜಿನಲ್ಲಿ ಹೊಂದಿಸಲು ಬಿಡದೆ ಟೈಮಿಂಗ್ ಲೈಟ್ ಹಿಡಿದು ನೋಡಿಸಿ.

ಹೊಗೆ ಹೋಗುವ ದಾರಿ, ಮತ್ತು ಡೀಸೆಲ್ ಜೀಪು

ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ, ಪೇಟೆಗೂ ಮನೆಗೂ ಓಡುವ ಗಾಡಿಯ ಸೈಲೆನ್ಸರಿನಲ್ಲಿ ನೀರು ನಿಂತು ಒಳಗಿನ ತಗಡು ಕೊಳೆತು ಕುಸಿಯುತ್ತದೆ. ಹೊರಗೆ ತೂತಿಲ್ಲದಿದ್ದರೂ ಒಳಗೆ ದಾರಿ ಕಟ್ಟಿರುತ್ತದೆ. ತಣ್ಣಗಿರುವಾಗ ಮರದ ಸುತ್ತಿಗೆಯಿಂದ ತಟ್ಟಿ, ಗಲಗಲ ಎಂದರೆ ಸಂಶಯ ಪಡಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿ ಬಹಳ ದಿನ ಮಿಸ್ಸಿಂಗ್‌ನಲ್ಲೇ (ಒಂದು ಸಿಲಿಂಡರ್ ಸರಿಯಾಗಿ ಹೊತ್ತದೆ) ಓಡಿದ್ದರೆ ಅದು ಒಳಗೇ ಕರಗಿ ಗಟ್ಟಿಯಾಗಿರಬಹುದು.

ಟರ್ಬೊ ಇಲ್ಲದ ಹಳೆಯ ಡೀಸೆಲ್ ಜೀಪು ಏರಿನಲ್ಲಿ ಸ್ವಲ್ಪ ಕಪ್ಪು ಹೊಗೆ ಬಿಟ್ಟರೆ ಅದರಲ್ಲಿ ಎತ್ತರದ ಪಾಲೂ ಇದೆ. ಆದರೆ ಹೊಗೆಯೇ ಇಲ್ಲದೆ ಎಳೆಯದಿದ್ದರೆ ಡೀಸೆಲ್ ಸಾಲುತ್ತಿಲ್ಲ: ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ, ಪೈಪಿನ ಜಾಯಿಂಟುಗಳಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಟರ್ಬೊ ಗಾಡಿಯಲ್ಲಿ ಇದ್ದಕ್ಕಿದ್ದಂತೆ ಕಪ್ಪು ಹೊಗೆ ಬಂದು ಶಕ್ತಿ ಹೋದರೆ, ಟರ್ಬೊಗೆ ಬೈಯುವ ಮುನ್ನ ಅದರಿಂದ ಹೊರಡುವ ರಬ್ಬರ್ ಹೋಸುಗಳ ಅಡಿಭಾಗವನ್ನು ತಡವಿ. ಎಣ್ಣೆ ತಾಗಿ ಮೆತ್ತಗಾಗಿ ಸೀಳಿರುವುದು ಅಲ್ಲೇ.

ಬೋರ್ ಹೋಗಿದೆ ಎನ್ನುವ ಮುನ್ನ

ಇಷ್ಟೂ ಸರಿಯಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ, ನೋಡಿಸಿ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಬೇಕು, ಪ್ಲಗ್ಗುಗಳನ್ನೆಲ್ಲ ಬಿಚ್ಚಿರಬೇಕು, ಕಾಯಿಲ್ ಕಳಚಿರಬೇಕು, ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಆಕ್ಸಿಲೇಟರ್ ಒತ್ತದೆ ತೆಗೆದ ಅಂಕಿಗೆ ಬೆಲೆಯಿಲ್ಲ. ಪ್ರತಿ ಸಿಲಿಂಡರಿನ ಅಂಕಿಯನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.

ಇಲ್ಲಿ ಮತ್ತೆ ಬೆಟ್ಟ ಅಡ್ಡ ಬರುತ್ತದೆ. ಮಂಗಳೂರಿನಲ್ಲಿ 180 ಪಿಎಸ್‌ಐ ತೋರಿಸುವ ಅದೇ ಎಂಜಿನ್ ಮಡಿಕೇರಿಯಲ್ಲಿ 157ರ ಹತ್ತಿರ ತೋರಿಸುತ್ತದೆ. ಒಳಗೆ ಬಂದ ಗಾಳಿಯೇ ಕಡಿಮೆ, ಒತ್ತಿದರೆ ಎಷ್ಟಾದೀತು? ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜಿಗೂ ಇದೇ ಲೆಕ್ಕ: ಸಮುದ್ರಮಟ್ಟದಲ್ಲಿ ಸ್ಲೋ ಸ್ಪೀಡಿಗೆ ಪಾದರಸದ 17ರಿಂದ 21 ಇಂಚು ಇರಬೇಕಾದ ಮುಳ್ಳು ಮಡಿಕೇರಿಯಲ್ಲಿ 13ರಿಂದ 17ರೊಳಗೆ ನಿಂತರೂ ಎಂಜಿನ್ ಆರೋಗ್ಯವಾಗಿದೆ. ಮ್ಯಾನ್ಯುವಲ್ಲಿನ ಅಂಕಿಯನ್ನು ಎತ್ತರದ ಲೆಕ್ಕ ಹಾಕದೆ ಹಿಡಿದು ಎಷ್ಟು ಎಂಜಿನ್ ಬಿಚ್ಚಿದ್ದಾರೋ.

ಹಾಗಾಗಿ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ನೋಡಿ. ಶೇಕಡಾ 10ರೊಳಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೆಳಗಿದ್ದರೆ ಪ್ಲಗ್ಗಿನ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆಸಿ. ಅಂಕಿ ಏರಿದರೆ ರಿಂಗು ಮತ್ತು ಬೋರು ಸವೆದಿವೆ. ಏರದಿದ್ದರೆ ವಾಲ್ವು ಕೂರುತ್ತಿಲ್ಲ: ಮೊದಲು ವಾಲ್ವನ್ನು ಒತ್ತುವ ಟ್ಯಾಪೆಟ್ ಬಿಗಿಯಾಗಿದೆಯೇ ನೋಡಿಸಿ, ಹೆಡ್ ಇಳಿಸುವ ಮಾತು ಆಮೇಲೆ. ಪಕ್ಕಪಕ್ಕದ ಎರಡು ಕೆಳಗಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ.

ಎಲ್ಲವೂ ಸಮವಾಗಿ ಕೆಳಗಿದ್ದರೆ, ಬೋರಿಗೆ ಒಪ್ಪುವ ಮುನ್ನ ಟೈಮಿಂಗ್ ಬೆಲ್ಟಿನ ಕವರ್ ತೆಗೆಸಿ ಗುರುತುಗಳು ಎದುರುಬದುರು ಕೂತಿವೆಯೇ ನಿಮ್ಮ ಕಣ್ಣಾರೆ ನೋಡಿ. ಗುರುತು ಸರಿಯಿದ್ದು, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಗುಡುತ್ತಿದ್ದು, ತಿಂಗಳಿಗೊಮ್ಮೆ ಆಯಿಲ್ ಸೇರಿಸಬೇಕಾಗಿ ಬರುತ್ತಿದ್ದರೆ ಮೆಕ್ಯಾನಿಕ್ ಹೇಳಿದ್ದು ನಿಜ. ಆಯಿಲ್ ಇಳಿಯುತ್ತಿಲ್ಲ, ನೀಲಿ ಹೊಗೆ ಇಲ್ಲ, ಅಂಕಿಗಳು ಸಮವಾಗಿ ಸ್ವಲ್ಪ ಕಡಿಮೆ ಎಂದಾದರೆ, ಆ ಎಂಜಿನ್ನನ್ನು ಬಿಚ್ಚದೆ ಇನ್ನೂ ಕೆಲವು ವರ್ಷ ಎರಡನೇ ಗೇರಿನಲ್ಲಿ ಘಾಟಿ ಹತ್ತಿಸಬಹುದು.